ಡೈರಿ ಗೋಡೆಯ ಮೇಲಿನ ಆವು

ಬೆಚ್ಚಿಬೀಳುವ ವಿಷಯದಲ್ಲಿ ನಾನು ಬಹಳ ಧಾರಾಳಿ. ಕುಕ್ಕರ್ ಕೂಗಿದರೆ ಬೆಚ್ಚುತ್ತೇನೆ, ಕೂಗದಿದ್ದರೆ ಯಾಕೆ ಕೂಗಲಿಲ್ಲವೆಂದು ಇನ್ನೂ ಜಾಸ್ತಿ ಬೆಚ್ಚುತ್ತೇನೆ. ಆದರೆ ನಾನೇ ಕೈಯಾರೆ ಬರೆದ ಚಿತ್ರವನ್ನು ನೋಡಿ ನಾನೇ ನಡುಗಿದ್ದು ಒಂದೇ ಸಲ. ಅದೂ ಬೆಳಗ್ಗೆ ಆರೂವರೆಗೆ, ಹಾಲಿನ ಕ್ಯಾನು ಹಿಡಿದು ಸಾಲಾಗಿ ನಿಂತ ಒಂದಿಡೀ ಊರಿನ ಸಮಕ್ಷಮದಲ್ಲಿ.

ಊರು ದಿಬ್ಬೂರಹಳ್ಳಿಯ ಹತ್ತಿರದ್ದು, ನನ್ನ ಅಕ್ಕ ಸರೋಜಳ ಗಂಡನ ಮನೆ. ನಾನು ಮುದ್ದೇನಹಳ್ಳಿ ಕಡೆಯವನು. ಚಿಂತಾಮಣಿಯ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸ ಸಿಕ್ಕಿದ್ದರಿಂದ ಅಕ್ಕನ ಮನೆಯಲ್ಲಿದ್ದು ಓಡಾಡುತ್ತೇನೆ. ಹುಟ್ಟುಹಬ್ಬದ ಫ್ಲೆಕ್ಸ್‌ಗಳಲ್ಲಿ ಬೋಳುತಲೆಗಳಿಗೆ ಕೂದಲು ಕೂರಿಸುವುದು ನನ್ನ ವೃತ್ತಿ. ಅದೆಲ್ಲ ಕಂಪ್ಯೂಟರಿನ ಮಹಿಮೆ. ಕುಂಚ ಹಿಡಿಯಲು ನನಗೆ ಬರುವುದಿಲ್ಲ ಎಂಬ ಸತ್ಯವನ್ನು ಅಕ್ಕನಿಗೆ ಯಾರೂ ಹೇಳಿರಲಿಲ್ಲ, ನಾನಂತೂ ಹೇಳಲೇ ಇಲ್ಲ. ಅಕ್ಕ ಊರಿನ ಹಾಲಿನ ಡೈರಿಯ ಸೆಕ್ರೆಟರಿ. ಒಂದು ದಿನ, "ಲೋ ಮಂಜ, ಡೈರಿ ಗೋಡೆ ಬೋಳಾಗೈತೆ. ನೀನು ಆರ್ಟಿಸ್ಟ್ ಅಲ್ವೇನೋ, ಏನಾದ್ರೂ ಬರಿ" ಎಂದಳು. ಆರ್ಟಿಸ್ಟ್ ಎಂದ ಮೇಲೆ ಬಿಡುವುದುಂಟೇ? "ಅಕ್ಕಾ, ನಾನೊಬ್ಬನೇ ಬರೆಯೋದಲ್ಲ. ಇದು ಪ್ರಕೃತಿಯ ಗೋಡೆ. ಡೈರಿಗೆ ಹಾಲು ಹಾಕೋ ಪ್ರತಿಯೊಬ್ರೂ ಒಂದೊಂದು ಹೇಳ್ಬೇಕು, ಕೈಯನ್ನೂ ಹಾಕ್ಬೇಕು" ಎಂದು ಘೋಷಿಸಿದೆ. ತಪ್ಪಾದರೆ ಹಂಚಿಕೊಳ್ಳಲು ಜನ ಇರಲಿ ಎಂಬುದು ಒಳಗಿನ ಲೆಕ್ಕ.

ಯುಗಾದಿ ಕಳೆದು ಶುರುವಾದ ಚಿತ್ರ ಗಣೇಶನ ಹಬ್ಬ ಬಂದರೂ ಮುಗಿಯಲಿಲ್ಲ. ಒಂದು ಹೊಂಗೆಮರಕ್ಕೇ ಒಂದೂವರೆ ತಿಂಗಳು ಹಿಡಿಯಿತು. ರೇಷ್ಮೆಹುಳ ಸಾಕುವ ನಾರಾಯಣಪ್ಪನವರು ದಿನಾ ಹುಳಕ್ಕೆ ಸೊಪ್ಪು ಹಾಕಿ, ಅದೇ ಕೈಯಲ್ಲಿ ಬಂದು ಗೋಡೆಗೂ ಸೊಪ್ಪು ಹಾಕುತ್ತಿದ್ದರು. ನೋಡನೋಡುತ್ತಿದ್ದಂತೆ ಹೊಂಗೆಯ ಕೊಂಬೆಗಳಲ್ಲೆಲ್ಲ ಹಿಪ್ಪುನೇರಳೆ ಎಲೆ. "ಅಣ್ಣಾ, ಇದು ಹೊಂಗೆಮರ" ಎಂದರೆ, "ಹೊಂಗೆ ಸೊಪ್ಪು ಯಾವ ಹುಳ ತಿಂತೈತೆ ಹೇಳು ನೋಡಣ?" ಎಂದು ನನ್ನನ್ನೇ ಕೇಳಿದರು. ನಾನು ಅಂಬಾಜಿದುರ್ಗದ ಬೆಟ್ಟ ಬರೆದೆ. "ಮುದ್ದೆ ಚೆನ್ನಾಗೈತೆ, ಸಾರೆಲ್ಲಿ?" ಎಂದಿತು ಕ್ಯೂ. ಸಾರಿನ ಜಾಗದಲ್ಲಿ ಒಂದು ಕೆರೆ ಬರೆದೆ. ನವಿಲು ಬರೆದೆ. ಆ ಭಾನುವಾರ ಮೂರು ಜನ ಅದನ್ನು ನಾಟಿಕೋಳಿ ಎಂದುಕೊಂಡು ತೂಕ ಎಷ್ಟಾಗಬಹುದೆಂದು ಚರ್ಚಿಸಿದ್ದನ್ನು ಕಿವಿಯಾರೆ ಕೇಳಿದೆ.

ಹೀಗಿರುವಾಗ ಮುನಿವೆಂಕಟಮ್ಮಜ್ಜಿ ನನ್ನ ಸ್ಟೂಲಿನ ಬಳಿ ಬಂದು ನಿಂತಳು. ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ, ಅವಸರಕ್ಕೆ ಎರಡನ್ನೂ ಒಂದೇ ಲೋಟದಲ್ಲಿ ಬೆರೆಸಿ ಕೊಡುವ ಅಜ್ಜಿ. ಹಕಾರ ಮಾತ್ರ ಆಕೆಯ ಬಾಯಿಗೆ ಬರುವುದಿಲ್ಲ. ಹಾಲು ಆಲು, ಹೊಲ ಒಲ. ವಿದ್ಯಾವಂತನಾದ ನಾನು ಎಲ್ಲೆಲ್ಲಿ ಬೇಕೋ ಅಲ್ಲಲ್ಲಿ ಹಕಾರ ಸೇರಿಸಿಕೊಂಡು ಅರ್ಥಮಾಡಿಕೊಳ್ಳುತ್ತಿದ್ದೆ.

"ನಾಯನಾ, ನಮ್ದೊಂದು ಆವಿತ್ತು. ಓದ್ ವರ್ಸ ಓಗ್ಬುಡ್ತು. ಒಂದು ಪೋಟೋನೂ ಇಲ್ಲ. ಅದನ್ನ ಈ ಗೋಡೆ ಮ್ಯಾಲೆ ಬರಿತೀಯಾ?"

ನಾನು ಬೆಚ್ಚಿದೆ. "ಮನೇಲೇ ಇತ್ತಾ ಅಜ್ಜಿ?"

"ಮನೇಲಲ್ದೆ ಇನ್ನೆಲ್ಲಿ? ಅದಿನಾಕು ವರ್ಸ. ನನ್ನ ಮಂಚದ ಪಕ್ಕದಾಗೇ ಮಲಗ್ತಿತ್ತು."

ನನ್ನ ಎರಡೂ ಕಾಲು ತಾವಾಗಿಯೇ ಸ್ಟೂಲಿನ ಮೇಲೇರಿದವು. "ಏನೂ ಮಾಡ್ತಿರ್ಲಿಲ್ವಾ?"

"ನಂಗ್ಯಾಕೆ ಮಾಡ್ತದೆ? ಒಸಬ್ರು ಬಂದ್ರೆ ಬುಸ್ ಅಂತಿತ್ತು, ಅಷ್ಟೆ. ನಾನು ಕತ್ತು ಸವರಿದ್ರೆ ಸುಮ್ನೆ ನಿಂತ್ಕಂಬುಡೋದು. ಕಪ್ಪಗೆ ಮಿರಮಿರ ಅಂತಿತ್ತು ನಾಯನಾ, ಅಣೆ ಮ್ಯಾಲೆ ಬಿಳೀ ನಾಮ. ಎಡಗಿವಿ ಒಸಿ ಅರ್ದಿತ್ತು, ಅದನ್ನ ಮರೀಬ್ಯಾಡ." ಕಣ್ಣೊರೆಸಿಕೊಂಡಳು. "ನಾಳೆ ಮಗಳ ಮನೆಗೆ ಓಗ್ತೀನಿ, ಕಣ್ಣಿನ ಆಪ್ರೇಸನ್ನು. ಬಂದ ಮ್ಯಾಲೆ ಒಸ ಕಣ್ಣಲ್ಲಿ ಮೊದ್ಲು ಅದನ್ನೇ ನೋಡ್ಬೇಕು."

ಕಿವಿ ಎಂದಾಗಲಾದರೂ ನನಗೆ ಅನುಮಾನ ಬರಬೇಕಿತ್ತು. ಬಂತು ಕೂಡ. ಆದರೆ ಕಣ್ಣು ಮಂಜಾದ ಮುದುಕಿ, ಹೆಡೆಯ ಅಂಚನ್ನೇ ಕಿವಿ ಅಂದುಕೊಂಡಿದ್ದಾಳೆ, ಪಾಪ ಎಂದು ಮರುಗಿದೆ. ಹದಿನೈದು ದಿನ ಕೂತು, ಜೀವನದಲ್ಲೇ ಮೊದಲ ಸಲ ಶ್ರದ್ಧೆಯಿಂದ, ಕೆರೆಯಿಂದ ಬೆಟ್ಟದವರೆಗೆ ಒಂದು ಕಪ್ಪು ನಾಗರಹಾವು ಬರೆದೆ. ಹಣೆಗೆ ಬಿಳಿ ನಾಮ, ಎಡಗಡೆ ಹರಿದ ಹೆಡೆ. ನಾನು ಬರೆದದ್ದು ಏನೆಂದು ಊರು ಕೇಳದೆಯೇ ಗುರುತಿಸಿದ ಮೊದಲ ಚಿತ್ರ ಅದು. ಎಷ್ಟು ಚೆನ್ನಾಗಿ ಗುರುತಿಸಿತೆಂದರೆ, ಮೂರನೇ ದಿನಕ್ಕೇ ಯಾರೋ ಅರಿಶಿನ ಕುಂಕುಮ ಹಚ್ಚಿದರು. ಮುಂದಿನ ವಾರ ಅದರ ಬುಡಕ್ಕೆ ಹಾಲೆರೆಯುವುದೂ ಶುರುವಾಯಿತು. "ಡೈರಿಗೆ ಹಾಕೋ ಹಾಲನ್ನ ಗೋಡೆಗೆ ಹಾಕ್ತಾವ್ರೆ, ನಿನ್ನ ಕಲೆಗೆ ಬೆಂಕಿ ಬೀಳ" ಎಂದು ಅಕ್ಕ ಹರಸಿದಳು. ಆದರೆ ಈ ಹಾವು ಯಾಕೆಂದು ಅವಳೂ ಕೇಳಲಿಲ್ಲ, ಅದು ಅಜ್ಜಿಗೆಂದು ಗುಟ್ಟಾಗಿಟ್ಟ ಸರ್‌ಪ್ರೈಸ್ ಎಂದು ನಾನೂ ಹೇಳಲಿಲ್ಲ.

ಅಜ್ಜಿ ಕಪ್ಪು ಕನ್ನಡಕ ಹಾಕಿಕೊಂಡು ಬಂದ ಬೆಳಗ್ಗೆ ನಾನು ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ ನಿಂತಿದ್ದೆ. ಆಕೆಯ ಕೈ ಹಿಡಿದು ಗೋಡೆಯ ಮುಂದೆ ನಿಲ್ಲಿಸಿ, "ನೋಡಜ್ಜಿ, ನಿನ್ನ ಮನೇದು" ಎಂದೆ. ಅಜ್ಜಿ ಕನ್ನಡಕ ತೆಗೆದಳು. ನೋಡಿದಳು. ಕ್ಯಾನು ಕೆಳಗಿಟ್ಟಳು.

"ಅಯ್ಯೋ ದೇವುಡಾ! ನಮ್ಮನೇಲಿ ಇದ್ಯಾವಾಗಿತ್ತು?"

"ನೀನೇ ಹೇಳಿದ್ಯಲ್ಲಜ್ಜಿ, ಹದಿನಾಲ್ಕು ವರ್ಷ, ಮಂಚದ ಪಕ್ಕ..."

"ಆವು ಕಣೋ! ಆವು! ಅಂಬಾ ಅನ್ನೋ ಆವು!"

ಕ್ಯೂನಲ್ಲಿ ಯಾರೋ ನಗು ತಡೆಯಲಾರದೆ ಕೂತೇಬಿಟ್ಟರು. ಅಕ್ಕ ತಲೆ ಮೇಲೆ ಕೈಹೊತ್ತು, "ಲೋ ಮುಠ್ಠಾಳ, ತೆಲುಗಲ್ಲಿ ಆವು ಅಂದ್ರೆ ಹಸು ಕಣೋ" ಎಂದಳು. ಆಗಲೇ ನಾನು ನಡುಗಿದ್ದು. ನನಗೆ ಬರುವ ತೆಲುಗೆಲ್ಲ ಸಿನಿಮಾದ್ದು. ಅದರಲ್ಲಿ ಹೀರೋ ತೊಡೆ ತಟ್ಟುತ್ತಾನೆ, ಹಾಲು ಕರೆಯುವುದಿಲ್ಲ. ಹದಿನಾಲ್ಕು ವರ್ಷ ಒಂದು ಮನೆಯನ್ನು ಸಾಕಿದ ಹಸುವನ್ನು ನಾನು ಬುಸುಗುಡುವ ನಾಗರ ಮಾಡಿದ್ದೆ. ಅಜ್ಜಿಯ ಹೊಸ ಕಣ್ಣಲ್ಲಿ ನೀರು. ಬೇಕಿದ್ದರೆ ಆ ನೆಲವೇ ಬಾಯಿ ತೆರೆದು ನನ್ನನ್ನು ನುಂಗಬಹುದಿತ್ತು. ಸಿಮೆಂಟ್ ನೆಲ, ತೆರೆಯಲಿಲ್ಲ.

"ಈಗ್ಲೇ ಅಳಿಸ್ತೀನಿ" ಎಂದು ಸುಣ್ಣದ ಬಕೆಟ್ಟಿಗೆ ಹಾರಿದೆ. ನಾರಾಯಣಪ್ಪನವರು ನನ್ನ ಕೈ ಹಿಡಿದರು. "ಪೂಜೆ ಆಗಿರೋದಕ್ಕೆ ಸುಣ್ಣ ಹೊಡೀತೀಯಾ? ನಿನಗೇನು, ಬಸ್ಸು ಹತ್ತಿ ಹೋಗ್ತೀಯ. ಊರಲ್ಲಿರೋರು ನಾವು." ಹಾವು ಹೋಗುವಂತಿಲ್ಲ, ಹಸುವಿಗೆ ಜಾಗವಿಲ್ಲ.

ಅಷ್ಟರಲ್ಲಿ ಅಜ್ಜಿ ಗೋಡೆಯ ಹತ್ತಿರ ಹೋಗಿ ಆ ಹರಿದ ಹೆಡೆಯ ಮೇಲೆ ಬೆರಳಾಡಿಸಿದಳು. ತುಂಬಾ ಹೊತ್ತು ಆಡಿಸಿದಳು. "ಕಿವಿ ಮಾತ್ರ ಸರ್ಯಾಗಿ ಮಾಡಿದೀಯ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಬಣ್ಣ ಕೊಡಿಲ್ಲಿ. ನೀನು ಮುಟ್ಬ್ಯಾಡ."

ನಾರಾಯಣಪ್ಪನವರು ತಮ್ಮ ಸೊಪ್ಪಿನ ಮೇಲೆ ತಾವೇ ಸುಣ್ಣ ಬಳಿದು ಜಾಗ ಬಿಟ್ಟರು. ಅಂದಿನಿಂದ ಅಜ್ಜಿ ದಿನಾ, ಆ ಹಸುವಿನ ಮಗಳು ಕೊಟ್ಟ ಹಾಲನ್ನು ಡೈರಿಗೆ ಹಾಕಿದ ಮೇಲೆ, ಬೆರಳನ್ನು ಬಣ್ಣಕ್ಕೆ ಅದ್ದಿ ಒಂದಿಷ್ಟು ಬರೆಯುತ್ತಿದ್ದಳು. ಒಂದು ದಿನ ಕೊಂಬು, ಒಂದು ದಿನ ಕತ್ತಿನ ಕೆಳಗೆ ಜೋಲುವ ಗಂಗೆದೊಗಲು, ಇನ್ನೊಂದು ದಿನ ಬರೀ ಗೊರಸು. ರಂಗೋಲಿಯ ಕೈ ಅದು, ಎಲ್ಲೂ ತಡವರಿಸಲಿಲ್ಲ. ಇಡೀ ಗೋಡೆಯಲ್ಲಿ ಜೀವವಿದ್ದದ್ದು ಆ ಹಸುವಿಗೊಂದಕ್ಕೇ. ಕ್ಯೂನಲ್ಲಿ ಎಲ್ಲರೂ ಅದರ ಕಣ್ಣು ತಪ್ಪಿಸಿ ನಿಲ್ಲುವಂತಾಯಿತು, ಹಾಲಿಗೆ ನೀರು ಬೆರೆಸಿದವರಂತೂ ಪೂರ್ತಿ ಬೆನ್ನು ಹಾಕಿಯೇ ನಿಂತರು.

ಇಷ್ಟಾದ ಮೇಲೆ ನಾನು ಸುಮ್ಮನಿರಬಹುದಿತ್ತು. ಮೊನ್ನೆ ಅಜ್ಜಿ ಹಾಲು ಅಳೆಸಲು ಒಳಗೆ ಹೋಗಿದ್ದಳು. ಬಾಲದ ತುದಿಗೆ ಕುಚ್ಚು ಬರೆಯುವುದೊಂದು ಬಾಕಿಯಿತ್ತು. ಮಾಡಿದ ತಪ್ಪಿಗೆ ಒಂದು ಸೇವೆಯಾಗಲಿ ಎಂದು ಬೆರಳನ್ನು ಬಣ್ಣಕ್ಕೆ ಅದ್ದಿ, ನಾಲ್ಕು ಎಳೆ ಎಳೆದು, ಏನೂ ಅರಿಯದವನಂತೆ ಕ್ಯೂನಲ್ಲಿ ಸೇರಿಕೊಂಡೆ. ಅಜ್ಜಿ ಹೊರಗೆ ಬಂದವಳು ಒಂದೇ ನೋಟಕ್ಕೆ ನಿಂತಳು.

"ಯಾರೋ ಅದು, ನನ್ನ ಆವಿನ ಬಾಲಕ್ಕೆ ಪೊರಕೆ ಕಟ್ಟಿರೋದು?"

ಕ್ಯೂ ಪೂರ್ತಿ ನನ್ನ ಕಡೆ ತಿರುಗಿತು. ನಾನು ಗಾಬರಿಯಲ್ಲಿ, ಬೇರೆ ಯಾರೂ ಸಿಗದೆ, ಗೋಡೆಯ ಮೇಲಿನ ಹಾವಿನ ಕಡೆ ಬೆರಳು ತೋರಿಸಿದೆ. ಆ ಬೆರಳಿನಿಂದಲೇ ಕಪ್ಪು ಬಣ್ಣ ತೊಟ್ಟಿಕ್ಕುತ್ತಿತ್ತು.