ಅಕ್ಕ ಫಿನ್‌ಲ್ಯಾಂಡಿಗೆ ಹೋದ ಹದಿನೈದು ದಿನ

ನನ್ನ ಅಕ್ಕನನ್ನು ಹದಿನೈದು ದಿನ ಸಹಿಸಿಕೊಂಡ ಫಿನ್‌ಲ್ಯಾಂಡ್ ದೇಶದ ಮೇಲೆ ನನಗೆ ಅಪಾರ ಗೌರವವಿದೆ!

ಏನೇನು ಆಗಬಹುದಿತ್ತು ಎಂಬುದನ್ನು ಕೇಳಿದರೆ ನಿಮಗೂ ಆ ಗೌರವ ಬಂದೀತು. ಪಾಸ್‌ಪೋರ್ಟಿನಲ್ಲಿ ತವರಿನ ಹೆಸರು, ನೌಕರಿಯ ದಾಖಲೆಯಲ್ಲಿ ಗಂಡನ ಮನೆಯ ಹೆಸರು. ವಿಮಾನ ನಿಲ್ದಾಣದಲ್ಲೇ ತಡೆಯಬಹುದಿತ್ತು. ಗುರೆಳ್ಳು ಚಟ್ನಿಯ ಪುಡಿಯನ್ನು ಸಿಡಿಮದ್ದಿನ ಪುಡಿಯೆಂದು ತಿಳಿದು ಪೊಲೀಸ್ ನಾಯಿಯಿಂದ ಮೂಸಿಸಬಹುದಿತ್ತು. ಆ ನಾಯಿ ಸೀನಿ ಸೀನಿ ನೌಕರಿ ಬಿಡಬಹುದಿತ್ತು. ಮಸ್ಕಿಯ ಬಿಸಿಲಿನಲ್ಲಿ ಕಾದ ಮೈ ಹಿಮಕ್ಕೆ ಬಿದ್ದು, ಬಿಸಿ ಗಾಜಿನ ಲೋಟಕ್ಕೆ ತಣ್ಣೀರು ಸುರಿದಂತೆ ಚಟ್ಟೆನ್ನಬಹುದಿತ್ತು. ಮಂಜುಗಡ್ಡೆಯ ಮೇಲೆ ಜಾರಬಹುದಿತ್ತು. ಅಲ್ಲಿಯ ಅಧಿಕಾರಿ ‘ಯಾಕೆ ಬಂದಿದ್ದೀರಿ?’ ಎಂದು ಕೇಳಿದರೆ ಅಕ್ಕ ‘ನೀವ್ಯಾಕ ಕೇಳಾಕತ್ತೀರಿ?’ ಎಂದು ತಿರುಗಿ ಕೇಳಬಹುದಿತ್ತು. ಎಲ್ಲಕ್ಕಿಂತ ಸಂಭವ ಹೆಚ್ಚಿದ್ದದ್ದು ಇದಕ್ಕೇ.

ಅವಳು ಹೊರಡುವ ಮೊದಲೇ ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಅವಳ ಕೈಗಿತ್ತೆ. ಓದಿದಳು. ಕನ್ನಡಕ ತೆಗೆದಳು.

“ತಮ್ಮಾ, ಇದರಾಗ ನೀ ಹೆದರಿದ್ದು ಯಾವ್ದು, ನೀ ಬಯಸಿದ್ದು ಯಾವ್ದು?”

ನಾವು ಲಿಂಗಸುಗೂರಿನವರು. ಮಸ್ಕಿಯ ಹತ್ತಿರ ಒಂದೇ ಪ್ರೌಢಶಾಲೆಯಲ್ಲಿ ಇಬ್ಬರೂ ಪಾಠ ಹೇಳುತ್ತೇವೆ. ಅವಳು ವಿಜ್ಞಾನ, ನಾನು ಗಣಿತ. ಬೆಳಿಗ್ಗೆ ಬಸ್ಸಿನಿಂದಲೇ ಅವಳ ಕೆಲಸ ಶುರು. ಕಂಡಕ್ಟರ್ “ಮುಂದ ಸರೀರಿ, ಮುಂದ ಸರೀರಿ” ಎಂದರೆ “ಮುಂದ ಏನೈತ್ರಿ?” ಎನ್ನುತ್ತಾಳೆ.

“ಡ್ರೈವರ್ ಅದಾನ್ರಿ ಮೇಡಂ. ಅವಂಗ ಏನೂ ಕೇಳಬ್ಯಾಡ್ರಿ, ಅಂವ ಗಾಡಿ ಹೊಡೀಬೇಕು!”

ಒಂಬತ್ತನೇ ತರಗತಿಗೆ ಸಂಜೆಯ ಕೊನೆಯ ಪಿರಿಯಡ್ ಅವಳದು. ಗಂಟೆ ಬಾರಿಸಿದ ಕೂಡಲೇ ಬಾಗಿಲಿಗೆ ಅಡ್ಡ ನಿಂತುಬಿಡುತ್ತಾಳೆ. ಪ್ರತಿಯೊಬ್ಬರೂ ಒಂದು ಪ್ರಶ್ನೆ ಕೇಳಿಯೇ ಹೊಸ್ತಿಲು ದಾಟಬೇಕು. “ಮೇಡಂ, ಐತವಾರ ಸೂಟಿ ಅಂತ ನಮ್ಮ ಎಮ್ಮಿಗೆ ಗೊತ್ತಾಗತೈತೇನ್ರಿ?” “ಮೇಡಂ, ಆಕಳಿಕಿ ಒಬ್ಬರಿಂದ ಒಬ್ಬರಿಗೆ ಹೆಂಗ್ ಹೋಗ್ತೈತ್ರಿ?” ಉತ್ತರ ಹೇಳಲೇಬೇಕೆಂಬ ನಿಯಮ ಅವಳಿಗಿಲ್ಲ. “ನನಗೂ ಗೊತ್ತಿಲ್ಲ, ನಡಿ” ಎಂದು ದಾರಿ ಬಿಡುತ್ತಾಳೆ. ಇತ್ತ ನಾನು ಗೇಟಿನಲ್ಲಿ ನಿಂತು, ನಾವು ಹತ್ತಬೇಕಾದ ಮುದಗಲ್ ಬಸ್ಸು ಹೋಯಿತೇ ಎಂದು ಗಡಿಯಾರ ನೋಡುತ್ತಿರುತ್ತೇನೆ. ಹೋಗಿರುತ್ತದೆ.

ಮಕ್ಕಳಿಗೆ ಸೃಜನಶೀಲ ಹಾಗೂ ವಿಮರ್ಶಾತ್ಮಕ ಚಿಂತನೆ ಕಲಿಸುವುದು ಹೇಗೆಂದು ನೋಡಿ ಬರಲು ಶಿಕ್ಷಕರನ್ನು ಪರದೇಶಕ್ಕೆ ಕಳಿಸುತ್ತಾರೆ, ಅಲ್ಲಿಯವರು ಇಲ್ಲಿಗೆ ಬರುತ್ತಾರೆ ಎಂಬ ಸುತ್ತೋಲೆ ಬಂದಾಗ ಅಕ್ಕ ಅರ್ಜಿ ಹಾಕಿದಳು. ಸಿಂಧನೂರಿನಲ್ಲಿ ಸಂದರ್ಶನ. ಜೊತೆಗೆ ಹೋಗಿದ್ದ ನಾನು ಬಾಗಿಲ ಸಂದಿಯಲ್ಲಿ ಕಿವಿಯಿಟ್ಟು ಕೂತಿದ್ದೆ.

“ವಿಮರ್ಶಾತ್ಮಕ ಚಿಂತನಿ ಅಂದ್ರ ಏನ್ರಿ ಮೇಡಂ?” ಎಂದರು ಸಾಹೇಬರು.

“ಸರ, ಈ ಅರ್ಜಿ ಮೂರು ಪ್ರತಿ ಯಾಕ ಕೇಳೀರಿ?”

ಸಾಹೇಬರು ಯೋಚಿಸಿದರು. “ಮೊದಲಿಂದಲೂ ಕೇಳ್ತೀವ್ರಿ.”

“ಅದು ಇಲ್ಲದಾಗ ಹಿಂಗಾಗತೈತ್ರಿ.”

ಮುಗಿಯಿತು, ಹೋದ ಬಸ್ಸಿಗೇ ವಾಪಸು ಎಂದುಕೊಂಡೆ. ಆಯ್ಕೆಯಾಯಿತು! ಉತ್ತರ ಮೆಚ್ಚಿ ಕಳಿಸಿದರೋ, ಹದಿನೈದು ದಿನವಾದರೂ ದೂರವಿರಲಿ ಎಂದು ಕಳಿಸಿದರೋ, ಇವತ್ತಿಗೂ ಗೊತ್ತಿಲ್ಲ.

ಹೊರಡುವ ದಿನ ನಾನು ಉಣ್ಣೆಯ ಕಾಲುಚೀಲ ಎಣಿಸುತ್ತಿದ್ದರೆ ಅವಳ ತಲೆಯಲ್ಲಿದ್ದದ್ದು ಆ ಕೊನೆಯ ಪಿರಿಯಡ್. ಅದನ್ನು ನನಗೆ ವಹಿಸಿದ್ದಳು.

“ಬ್ಯಾರೆ ಹುಡುಗರ ಚಿಂತಿ ಇಲ್ಲ. ರಜಿಯಾ ಅದಾಳಲ್ಲ, ಮೂರನೇ ಬೆಂಚು? ವರ್ಷಾನುಗಟ್ಟಲೆ ಬಾಯಿ ಬಿಟ್ಟಿದ್ದಿಲ್ಲ ಅಕಿ. ಬಾಗಿಲಿಗೆ ಬಂದು ತಲಿ ತಗ್ಗಿಸಿ ನಿಲ್ಲೂದು, ನಾ ಸೋತು ದಾರಿ ಬಿಡೂದು. ಈಗೊಂದು ತಿಂಗಳಾತು, ತಾನಾಗೇ ಕೈ ಎತ್ತಾಕತ್ಯಾಳ. ನೀ ಅಕಿ ಬಾಯಿ ಮುಚ್ಚಿಸಬ್ಯಾಡ, ಅಷ್ಟ ಸಾಕು.”

“ನೀ ಹಿಮದಾಗ ಜಾರಿ ಬೀಳಬ್ಯಾಡ, ಅಷ್ಟ ಸಾಕು” ಎಂದೆ ನಾನು.

ಜಾರಲಿಲ್ಲ. ಮೂರನೇ ದಿನ ವಿಡಿಯೋ ಕರೆ ಬಂತು. ಕರಡಿಯ ಹಾಗೆ ಕೋಟು ಹೊದ್ದಿದ್ದಳು.

“ಲೇ ತಮ್ಮಾ, ಇಲ್ಲಿ ಮಾಸ್ತರು ಒಂದು ಪ್ರಶ್ನಿ ಕೇಳಿ ಸುಮ್ಮನ ನಿಂತುಬಿಡತಾರ. ಯಾರೂ ಮಾತಾಡೂದಿಲ್ಲ. ನಾ ಒಂದು ಎಲಿ ಅಡಕಿ ಹಾಕ್ಕೊಂಡು ಮುಗಸಬಹುದು, ಅಷ್ಟು ಹೊತ್ತು!”

“ಯಾಕ, ಉತ್ತರ ಮಾಸ್ತರಿಗೇ ಮರ್ತಿತ್ತೇನು?”

“ನಿನ್ನಂಗಲ್ಲಪಾ. ಹುಡುಗರು ವಿಚಾರ ಮಾಡ್ಲಿ ಅಂತ ಕಾಯ್ತಾರ.”

ಅವಳಿಗೂ ಒಂದು ಪಾಠ ಮಾಡಲು ಕೊಟ್ಟರಂತೆ. ಬ್ಯಾಗಿನಿಂದ ಒಂದು ಖಡಕ್ ಜೋಳದ ರೊಟ್ಟಿ ತೆಗೆದು ಮೇಜಿನ ಮೇಲಿಟ್ಟು, “ಇದು ಏನು, ಕೇಳ್ರಿ” ಎಂದಳಂತೆ. ಛಾವಣಿಯ ಹಂಚೇ, ಟೋಪಿಯೇ, ಬಡಿದರೆ ಸಪ್ಪಳ ಬರುತ್ತದೆಯೇ ಎಂದು ಪ್ರಶ್ನೆಗಳ ಸುರಿಮಳೆ. ಕಡೆಗೆ ಯಾರೋ ಮುರಿದು ತಿಂದುಬಿಟ್ಟರು, ಪಾಠ ಮುಗಿಯಿತು. ಬಾಗಿಲಲ್ಲಿ ಅಡ್ಡ ನಿಲ್ಲುವ ಇವಳ ಪದ್ಧತಿಯನ್ನು ಅಲ್ಲಿಯ ಶಿಕ್ಷಕಿಯರು ಪುಸ್ತಕದಲ್ಲಿ ಬರೆದುಕೊಂಡರಂತೆ. ಕಲಿಯಲು ಹೋದವಳು ಆ ಊರಿನ ಮಕ್ಕಳನ್ನೂ ಮನೆಗೆ ತಡವಾಗಿ ಕಳಿಸುವ ಏರ್ಪಾಡು ಮಾಡಿದ್ದಳು!

ಇತ್ತ ಆ ಬಾಗಿಲಲ್ಲಿ ನಾನಿದ್ದೆ. ಮೊದಲ ದಿನ ಶ್ರದ್ಧೆಯಿಂದ ಅಡ್ಡ ನಿಂತೆ, ಬಸ್ಸು ಹೋಯಿತು. ಎರಡನೆಯ ದಿನ ಒಂದು ಸುಧಾರಣೆ ತಂದೆ. ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿ ಹೋಗಿ ಎಂದೆ. ಮಕ್ಕಳು ಬುದ್ಧಿವಂತರು. ಒಬ್ಬ ಬರೆದದ್ದನ್ನು ಉಳಿದವರೆಲ್ಲ ನಕಲು ಮಾಡಿದರು. ತೆರೆದು ನೋಡಿದರೆ ಇಡೀ ತರಗತಿಗೆ ಒಂದೇ ಜಿಜ್ಞಾಸೆ: ‘ಮೇಡಂ ಯಾವಾಗ ಬರ್ತಾರ?’ ಮರುದಿನದಿಂದ ಡಬ್ಬಿಯನ್ನೂ ಎತ್ತಿಟ್ಟೆ. ಗಂಟೆಯಾದರೆ ಎಲ್ಲರೂ ಮನೆಗೆ, ನಾನು ಬಸ್ಸಿಗೆ. ಹೆಡ್‌ಮಾಸ್ತರು ಕರೆದು, “ಒಂಬತ್ತನೇತ್ತಾ ಭಾಳ ಶಿಸ್ತಾಗೇತ್ರಿ ಸರ” ಎಂದು ಬೆನ್ನು ತಟ್ಟಿದರು. ನಾನು ಉಬ್ಬಿದೆ.

ಅಕ್ಕ ಬಂದಳು. ಪೆಟ್ಟಿಗೆಯೂ ಬಂತು. ನೆಗಡಿ ಕೂಡ ಆಗಿರಲಿಲ್ಲ. ನಾನು ಹಾಳೆಯ ತುಂಬ ಬರೆದಿದ್ದರಲ್ಲಿ ಒಂದೂ ನಡೆದಿರಲಿಲ್ಲ. ಮರುದಿನ ಸಂಜೆ ಗಂಟೆ ಬಾರಿಸಿದಾಗ ಅವಳು ಬಾಗಿಲಿಗೆ ಅಡ್ಡ ನಿಂತಳು. ಹಿಮದಲ್ಲಿ ಎಮ್ಮೆ ಬದುಕುತ್ತದೆಯೇ ಎನ್ನುವಲ್ಲಿಂದ ಹಿಡಿದು ಎಲ್ಲರೂ ಕೇಳುತ್ತ, ನಗುತ್ತ ಹೊರಗೆ ಹೋದರು. ಕೊನೆಗೆ ರಜಿಯಾ ಒಬ್ಬಳೇ ಉಳಿದಳು. ತಲೆ ತಗ್ಗಿಸಿ ನಿಂತಳು.

“ಕೇಳವಾ.”

“ಏನಿಲ್ರಿ ಮೇಡಂ.”

ಅಕ್ಕ ಕಾದಳು. ಕಲಿತು ಬಂದದ್ದನ್ನೆಲ್ಲ ಸೇರಿಸಿ ಕಾದಳು. ಆಮೇಲೆ ನನ್ನತ್ತ ನೋಡಿದಳು. ಈಗ ಕೇಳುತ್ತಾಳೆ ಎಂದು ನಾನು ಉತ್ತರಗಳನ್ನು ಜೋಡಿಸಿಕೊಂಡೆ. ಕೇಳಲಿಲ್ಲ. ಹುಟ್ಟಿದಾಗಿನಿಂದ ನನಗೆ ಪ್ರಶ್ನೆ ಕೇಳುತ್ತಲೇ ಬಂದ ಅಕ್ಕ ಅವತ್ತು ಒಂದನ್ನೂ ಕೇಳಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ನಾನೇ ಹೇಳಿದೆ. “ನಾಕನೇ ದಿನ ಕೈ ಎತ್ತಿದ್ಳಕ್ಕಾ. ಬಸ್ಸಿನ ಹೊತ್ತಾಗಿತ್ತು. ಅದು ಪರೀಕ್ಷಾಕ್ಕ ಬರೂದಿಲ್ಲ, ಕೂಡ್ರು ಅಂದೆ. ಹುಡುಗ್ರು ನಕ್ಕರು.”

ಅಕ್ಕ ಹೊಸ್ತಿಲಿನಿಂದ ಪಕ್ಕಕ್ಕೆ ಸರಿದು ಆ ಜಾಗ ನನಗೆ ಬಿಟ್ಟಳು. ಮುದಗಲ್ ಬಸ್ಸಿನ ಹಾರ್ನು ರಸ್ತೆಯಲ್ಲಿ ಕೇಳಿಸಿ ದೂರವಾಯಿತು. ಏನು ಕೇಳಿದ್ದಳು ಹುಡುಗಿ? ನೆನಪು ಮಾಡಿಕೊಳ್ಳಲು ನೋಡಿದೆ. ನನಗೆ ನೆನಪಿದ್ದದ್ದು ಅವಳ ಎತ್ತಿದ ಕೈ ಮಾತ್ರ. ಪ್ರಶ್ನೆಯನ್ನು ನಾನು ಪೂರ್ತಿ ಕೇಳಿಸಿಕೊಂಡೇ ಇರಲಿಲ್ಲ.

“ರಜಿಯಾ, ಅವತ್ತು ಏನೋ ಕೇಳಿದ್ದಿ ನೋಡು. ಏನವಾ ಅದು?”

ಅವಳು ನಿಜವಾಗಿಯೂ ಯೋಚಿಸಿದಳು. ಹುಬ್ಬು ಗಂಟಿಕ್ಕಿತು, ತುಟಿ ಅಲುಗಿತು.

“ಮರ್ತ್ ಹೋತ್ರಿ ಸರ.”

ನನ್ನ ಮುಖ ಹೇಗಾಯಿತೋ ಏನೋ, ಹುಡುಗಿಗೆ ನನ್ನ ಮೇಲೆ ಕರುಣೆ ಬಂತು.

“ಇರ್ಲಿ ಬಿಡ್ರಿ ಸರ” ಎಂದಳು ಮೆಲ್ಲಗೆ. “ಅಂಥಾದ್ದೇನ್ ಇರಲಿಲ್ರಿ ಅದು.”