ಕಾರ್ಬ್ಯುರೇಟರ್ ತೊಳೆದ ಸುರಕ್ಷತಾಧಿಕಾರಿ

ನನಗೆ ಬುದ್ಧಿ ಹೇಳಲು ಬರುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಅದರಲ್ಲೂ ನನ್ನ ಹೊಟ್ಟೆಪಾಡಿನ ವಿದ್ಯೆಯನ್ನೇ ನನಗೆ ಕಲಿಸಲು ಬಂದರೆ ಕೇಳಲೇಬೇಡಿ. ಅಂಥವರ ಮುಖಕ್ಕೆ ಹೊಡೆದಂತೆ ಏನು ಹೇಳಬೇಕಿತ್ತೆಂದು ಮನೆಗೆ ಬಂದು ಕೂತ ಮೇಲೆ ಬಹಳ ಚೆನ್ನಾಗಿ ಹೊಳೆಯುತ್ತದೆ.

ನಾನು ಬಣ್ಣದ ಕಾರ್ಖಾನೆಯೊಂದರಲ್ಲಿ ಸುರಕ್ಷತಾಧಿಕಾರಿ. ಕೈಗವಸು ಹಾಕಿ, ಕನ್ನಡಕ ಹಾಕಿ, ಕಿಟಕಿ ತೆಗೆಯಿರಿ ಎಂದು ಹದಿನೆಂಟು ವರ್ಷಗಳಿಂದ ನಾನೂರು ಜನರ ಮುಂದೆ ಗಂಟಲು ಹರಿದುಕೊಂಡವನು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮುಖ್ಯ ಕಚೇರಿಯ ದೊಡ್ಡ ಸಾಹೇಬರು ಬರುವವರಿದ್ದರು. ಅವರೆದುರು 'ರಾಸಾಯನಿಕಗಳ ಸುರಕ್ಷಿತ ಬಳಕೆ' ಕುರಿತು ನನ್ನ ಭಾಷಣ. ಅದು ಹಿಡಿಸಿದರೆ ಕಂಪನಿಯ ಎಲ್ಲ ಕಾರ್ಖಾನೆಗಳನ್ನೂ ಸುತ್ತುವ ಮುಖ್ಯ ಸುರಕ್ಷತಾಧಿಕಾರಿಯ ಪಟ್ಟ ನನಗೆ! ಸರಿಯಾಗಿ ಅದರ ಹಿಂದಿನ ದಿನ, ಭಾನುವಾರ ಬೆಳಿಗ್ಗೆ, ನನ್ನ ಬೈಕು ಕೈಕೊಟ್ಟಿತು. ಒಮ್ಮೆ ಒದ್ದರೆ ಕೆಮ್ಮಿತು. ಇನ್ನೊಮ್ಮೆ ಒದ್ದರೆ ಅದೂ ಇಲ್ಲ.

ಎದುರುಗಡೆ ಅಂಗಡಿಯ ಮೆಕ್ಯಾನಿಕ್ ಬಂದು ಬಗ್ಗಿ ನೋಡಿದ.

"ಕಾರ್ಬ್ಯುರೇಟರಲ್ಲಿ ಕಸ ಕೂತಿದೆ ಸಾರ್. ನಾಳೆ ಮಧ್ಯಾಹ್ನ ಕ್ಲೀನ್ ಮಾಡ್ಕೊಡ್ತೀನಿ."

"ಮಧ್ಯಾಹ್ನ ಯಾರಿಗೆ ಬೇಕಯ್ಯ? ಆ ಸ್ಪ್ರೇ ಡಬ್ಬಿ ಕೊಡು, ನಾನೇ ಮಾಡ್ಕೋತೀನಿ."

ಡಬ್ಬಿ ಕೊಟ್ಟು ಸುಮ್ಮನಿದ್ದಿದ್ದರೆ ಅವನ ಗಂಟೇನು ಹೋಗುತ್ತಿತ್ತು? "ಸಾರ್, ಇದು ಭಾರಿ ಘಾಟು. ಗಾಳಿ ಆಡೋ ಕಡೆ ಕೂತ್ಕೊಳ್ಳಿ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸು. ಹತ್ರ ಬೆಂಕಿ ಇರಬಾರ್ದು. ರಬ್ಬರ್ ರಿಂಗೆಲ್ಲ ಮೊದ್ಲೇ ತೆಗೆದಿಡಿ" ಎಂದು ಶುರುಮಾಡಿದ. ನನಗೆ! ನಾನೇ ಬರೆದ ಭಾಷಣದ ಎರಡನೆಯ ಪುಟವನ್ನು ನನಗೇ ಒಪ್ಪಿಸುತ್ತಾನೆ!

ಆ ಸಿಟ್ಟಿನಲ್ಲೇ ಕಾರ್ಬ್ಯುರೇಟರ್ ಬಿಚ್ಚಿಕೊಂಡು ಮನೆಯೊಳಗೆ ನುಗ್ಗಿದೆ. ಅಂಗಳದಲ್ಲಿ ಕೂರಬಹುದಿತ್ತು. ಆದರೆ ಅಲ್ಲಿ ಕೂತರೆ ಆ ಮಹಾಶಯ ತನ್ನ ಸ್ಟೂಲಿನ ಮೇಲಿಂದ ನೋಡುತ್ತಿರುತ್ತಾನೆ. ಅದಕ್ಕೇ ಬಚ್ಚಲುಮನೆಯನ್ನು ಆರಿಸಿಕೊಂಡೆ. ಕಿಟಕಿಯೂ ಅವನ ಅಂಗಡಿಯ ಕಡೆಗೇ ಇದ್ದುದರಿಂದ ಅದನ್ನೂ ಮುಚ್ಚಿದೆ.

ಬಟ್ಟೆ ಮಡಿಸುತ್ತಿದ್ದ ಹೆಂಡತಿ ಬಾಗಿಲಿಗೆ ಬಂದು ನಿಂತಳು.

"ರೀ, ಕನ್ನಡಕ ಎಲ್ಲಿ?"

"ಕಾರ್ಖಾನೇಲಿ."

"ಒಂದು ಮನೇಲಿ ಇಟ್ಕೋಬಾರ್ದಾ?"

"ಇಟ್ಕೊಳ್ಳೋ ಹಾಗಿಲ್ಲ. ಸುರಕ್ಷತಾ ಸಾಮಗ್ರಿ ಗೇಟು ದಾಟಬಾರದು ಅಂತ ನಿಯಮ ಇದೆ."

"ಯಾವ ಪುಣ್ಯಾತ್ಮ ಮಾಡಿದ್ದು ಆ ನಿಯಮಾನ?"

(ನಾನೇ. ಹೋದ ವರ್ಷ. ನೋಟೀಸು ಬೋರ್ಡಿನಲ್ಲಿ ಈಗಲೂ ನನ್ನ ಸಹಿ ಇದೆ.)

"ಹದಿನೆಂಟು ವರ್ಷದ ಅನುಭವ ಇದೆ ನನಗೆ! ಹೋಗೇ ಒಳಗೆ!" ಎಂದು ಗುಡುಗಿ ಚಿಲಕ ಹಾಕಿಕೊಂಡೆ. ಅವಳು ಹೋಗಿ ಒಲೆ ಆರಿಸಿದ ಸದ್ದು ಕೇಳಿಸಿತು. ಅದಕ್ಕೂ ಸಿಟ್ಟು ಬಂತು.

ಅವಳ ಪ್ಲಾಸ್ಟಿಕ್ ಮಗ್ಗಿನಲ್ಲಿ ಬಿಡಿಭಾಗಗಳನ್ನು ಹಾಕಿ, ಡಬ್ಬಿಯಿಂದ ಧಾರಾಳವಾಗಿ ಅಭಿಷೇಕ ಮಾಡಿದೆ. ಐದು ನಿಮಿಷಕ್ಕೆ ರಬ್ಬರ್ ರಿಂಗು ಉಬ್ಬಿ ಬಳೆಯಷ್ಟಾಯಿತು. ಮಗ್ಗು ಮೆತ್ತಗಾಗಿ ಒಂದು ಕಡೆಗೆ ವಾಲಿತು. ನನ್ನ ತಲೆಯೂ ಅದೇ ಕಡೆಗೆ ವಾಲುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಎದ್ದು ಕಿಟಕಿ ತೆಗೆಯುತ್ತಿದ್ದರು. ನಾನು ಮೆಕ್ಯಾನಿಕನನ್ನು ಬೈಯುತ್ತಾ, ಕಾರ್ಬ್ಯುರೇಟರನ್ನು ಮುಖದ ಹತ್ತಿರ ಹಿಡಿದು, ಅದರ ಸಣ್ಣ ತೂತಿಗೆ ಡಬ್ಬಿಯ ಕೊಳವೆಯನ್ನು ಇಟ್ಟು ಗಟ್ಟಿಯಾಗಿ ಒತ್ತಿದೆ.

ಒಂದು ತೂತಿನಲ್ಲಿ ಹೋದದ್ದು ಇನ್ನೊಂದು ತೂತಿನಿಂದ ಹೊರಗೆ ಬರುತ್ತದೆ. ಆ ಇನ್ನೊಂದು ತೂತು ನನ್ನ ಕಣ್ಣನ್ನೇ ನೋಡುತ್ತಿತ್ತು.

ನನ್ನ ಕಿರುಚಾಟಕ್ಕೆ ಹೆಂಡತಿ ಓಡಿ ಬಂದು ಬಾಗಿಲು ಬಡಿದಳು. "ಚಿಲಕ ತೆಗೀರಿ!"

"ಕಣ್ಣು ಕಾಣ್ತಿಲ್ಲ ಕಣೇ!"

"ಚಿಲಕ ತೆಗೆಯೋಕೆ ಕಣ್ಣು ಯಾಕ್ರೀ? ಕೈ ಸಾಲ್ದಾ?"

ತೆಗೆದೆ. ನನ್ನ ಕುತ್ತಿಗೆ ಹಿಡಿದು ನಲ್ಲಿಯ ಕೆಳಗೆ ತಳ್ಳಿದಳು. "ಉಜ್ಜಬೇಡಿ! ಕಣ್ಣು ಬಿಡಿ! ಇನ್ನೂ ಹತ್ತು ನಿಮಿಷ!" ನಿಜ ಹೇಳುತ್ತೇನೆ, ಆಗ ಹೆದರಿಬಿಟ್ಟೆ. ಇನ್ನು ಈ ಕಣ್ಣಿಗೆ ಏನೂ ಕಾಣುವುದಿಲ್ಲವೇನೋ ಎಂದು ಅವಳ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡೇ ಇದ್ದೆ. ಆಸ್ಪತ್ರೆಯಲ್ಲಿ ಡಾಕ್ಟರು ಪರೀಕ್ಷೆ ಮಾಡಿ, "ತಕ್ಷಣ ತೊಳೆದಿದ್ದಕ್ಕೆ ಉಳೀತು. ಒಂದು ವಾರ ಏನೂ ಓದಬಾರ್ದು" ಎಂದರು. ಆಮೇಲೆ, "ಏನು ಕೆಲಸ ಮಾಡ್ತೀರಿ?" ಎಂದು ಕೇಳಿದರು. ನಾನು ಗುಮಾಸ್ತ ಎಂದೆ.

ಸಾಹೇಬರು ಬರುವುದು ತಪ್ಪುವಂತಿರಲಿಲ್ಲ, ನನಗೆ ಓದಲು ಕಣ್ಣಿರಲಿಲ್ಲ. ಕಾರ್ಖಾನೆಯ ಬೇರೆ ಯಾರಿಗಾದರೂ ಕೊಟ್ಟರೆ ಪಟ್ಟವೂ ಅವರ ಪಾಲಾದೀತೆಂದು ಭಾಷಣವನ್ನು ಹೆಂಡತಿಯೇ ಓದಬೇಕಾಯಿತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹಲ್ಲು ಕಡಿಯುತ್ತಾ ಎಚ್ಚರಿಕೆ ಕೊಟ್ಟೆ: "ಬರೆದದ್ದಷ್ಟೇ ಓದು. ಸ್ವಂತದ್ದು ಒಂದಕ್ಷರ ಸೇರಿಸಿದ್ಯೋ, ನೋಡು!"

ಅವಳು ಒಂದಕ್ಷರವನ್ನೂ ಸೇರಿಸಲಿಲ್ಲ. "ಮೊದಲನೆಯದಾಗಿ, ಕಿಟಕಿ ಬಾಗಿಲು ತೆರೆದಿರಬೇಕು" ಎಂದು ಓದಿ, ನಿಲ್ಲಿಸಿ, ವೇದಿಕೆಯ ಮೇಲೆ ಕೂತಿದ್ದ ನನ್ನತ್ತ ತಿರುಗಿ ನೋಡಿದಳು. "ಎರಡನೆಯದಾಗಿ, ಕನ್ನಡಕ ಕಡ್ಡಾಯ." ಮತ್ತೆ ನೋಡಿದಳು. ನಾನೂರು ಜನರೂ ನೋಡಿದರು. ನನ್ನ ಕಣ್ಣುಗಳು ಟೊಮೇಟೊ ಹಣ್ಣಿನಂತೆ ಊದಿಕೊಂಡಿದ್ದವು. ಮೂರನೆಯ ಅಂಶಕ್ಕೆ ಹಿಂದಿನ ಸಾಲಿನವರು ಎದ್ದು ನಿಂತರು. ಐದನೆಯದಕ್ಕೆ ಸಾಹೇಬರೇ, "ಏನಾಯ್ತಮ್ಮ ಇವರಿಗೆ?" ಎಂದು ಕೇಳಿದರು. ಕೇಳಿದ್ದಕ್ಕೆ ಉತ್ತರ ಕೊಡುವುದು ಸೇರಿಸಿದಂತಾಗುವುದಿಲ್ಲವಂತೆ. ಮಗ್ಗಿನಿಂದ ಚಿಲಕದವರೆಗೆ ಎಲ್ಲವನ್ನೂ ಹೇಳಿಬಿಟ್ಟಳು.

ಹದಿನೆಂಟು ವರ್ಷಗಳಲ್ಲಿ ಆ ಸಭಾಂಗಣದಲ್ಲಿ ಅಂಥ ಚಪ್ಪಾಳೆ ನಾನು ಕೇಳಿರಲಿಲ್ಲ. ನಾನು ಕೋಪದಿಂದ ನಡುಗುತ್ತಿದ್ದೆ. ಜನ ಅದನ್ನೂ ರಾಸಾಯನಿಕದ ಪರಿಣಾಮವೆಂದೇ ತಿಳಿದರು.

ಸಾಹೇಬರು ಕೈಮುಗಿದುಕೊಂಡು ಬಂದರು. ನನ್ನ ಹತ್ತಿರಕ್ಕಲ್ಲ, ಅವಳ ಹತ್ತಿರಕ್ಕೆ.

"ಹತ್ತು ದಿನ ಬಿಟ್ಟು ನಮ್ಮ ಇನ್ನೊಂದು ಕಾರ್ಖಾನೆಗೂ ಬರಬೇಕಮ್ಮ ನೀವು. ಆಮೇಲೆ ಒಂದೊಂದಾಗಿ ಎಲ್ಲಾ ಕಡೆಗೂ. ಇವರನ್ನೂ ಕರ್ಕೊಂಡು ಬನ್ನಿ, ಕಣ್ಣಾರೆ ನೋಡಿದ್ರೇನೇ ಜನಕ್ಕೆ ನಾಟೋದು. ಆದ್ರೆ ಅಷ್ಟರಲ್ಲಿ ಇವರ ಕಣ್ಣು ವಾಸಿಯಾಗಿಬಿಟ್ರೆ?"

ಹೆಂಡತಿ ನನ್ನ ಭಾಷಣದ ಹಾಳೆಗಳನ್ನು ನೀಟಾಗಿ ಮಡಿಸಿ ತನ್ನ ಚೀಲದಲ್ಲಿಟ್ಟುಕೊಂಡಳು.

"ಅದಕ್ಕೆ ಯಾಕೆ ಯೋಚ್ನೆ ಮಾಡ್ತೀರಿ ಸಾರ್? ನಡುವೆ ಇನ್ನೊಂದು ಭಾನುವಾರ ಇದೆಯಲ್ಲ."