ಅತ್ತೆ ಪಾಸು ಮಾಡದ ಪೋರ್ಟ್‌ಫೋಲಿಯೊ

ನಮ್ಮ ಅತ್ತೆಯ ಕಣ್ಣಿಗೆ ಇಲ್ಲಿಯವರೆಗೆ ಯಾರೂ ಪಾಸಾಗಿಲ್ಲ. ನಾನಂತೂ ಆಗಿಲ್ಲ, ನಮ್ಮಪ್ಪನೂ ಆಗಿಲ್ಲ. ಮಠದ ಸ್ವಾಮಿಗಳೇ ಫೇಲಾಗಿದ್ದಾರೆ ಎಂದಮೇಲೆ ಉಳಿದವರ ಪಾಡೇನು! ಅತ್ತೆ ಎಂದ ಕೂಡಲೇ ಗಂಡನ ತಾಯಿ ಎಂದುಕೊಂಡು ನನ್ನ ಮೇಲೆ ಕನಿಕರಪಡಬೇಡಿ, ನನಗಿನ್ನೂ ಮದುವೆಯಾಗಿಲ್ಲ. ಈಕೆ ನಮ್ಮಪ್ಪನ ಅಕ್ಕ. ಇಚಲಕರಂಜಿಯ ಒಂದು ಮಗ್ಗದ ಶೆಡ್ಡಿನಲ್ಲಿ ಮೂವತ್ತು ವರ್ಷದಿಂದ ಬಟ್ಟೆ ತಪಾಸಣೆ ಮಾಡುತ್ತ ಬಂದವಳು.

ಆ ಕೆಲಸ ಕೇಳಲು ಸುಲಭ. ಮಗ್ಗದಿಂದ ಇಳಿದ ತಾಗಾ, ಅಂದರೆ ಇಡೀ ಬಟ್ಟೆಯ ಸುರುಳಿ, ಅವಳ ಮೇಜಿನ ಮೇಲೆ ಹರಿದುಹೋಗುತ್ತದೆ. ಎಲ್ಲಿ ಎಳೆ ತಪ್ಪಿದೆಯೋ, ಎಲ್ಲಿ ಎಣ್ಣೆ ಕಲೆ ಬಿದ್ದಿದೆಯೋ ಅಲ್ಲಿ ಅಂಚಿಗೆ ಒಂದು ಕೆಂಪು ದಾರ ಕಟ್ಟಬೇಕು. ಇಷ್ಟೇ. ತೊಂದರೆ ಏನೆಂದರೆ, ಪಾಳಿ ಮುಗಿದ ಮೇಲೂ ಆ ದಾರ ಅವಳ ಜೊತೆ ಮನೆಗೆ ಬರುತ್ತದೆ. ಅವಳ ಎಲೆಅಡಿಕೆ ಚೀಲದಲ್ಲಿ ಎಲೆಗಿಂತ ದಾರವೇ ಹೆಚ್ಚು. ನಮ್ಮ ಕುಕ್ಕರಿನ ಸಡಿಲವಾದ ಹಿಡಿಗೆ ಕೆಂಪು ದಾರ. ಕುಂಟುವ ಮಂಚದ ಕಾಲಿಗೆ ಕೆಂಪು ದಾರ. ನನ್ನ ಹನ್ನೆರಡನೆಯ ಇಯತ್ತೆಯ ಅಂಕಪಟ್ಟಿಗೆ ಗಣಿತದ ಸಾಲಿನ ಪಕ್ಕದಲ್ಲೇ ತೂತು ಮಾಡಿ ಕಟ್ಟಿದ ದಾರ ಇಂದಿಗೂ ಇದೆ! ದುರಸ್ತಿ ಯಾವುದಕ್ಕೂ ಇಲ್ಲ, ಗುರುತು ಮಾತ್ರ ಎಲ್ಲಕ್ಕೂ ಇದೆ.

ಸ್ವಾಮಿಗಳ ಸಂಗತಿ ಹೇಳಿಬಿಡುತ್ತೇನೆ. ನೂಲ ಎಂಬ ನಮ್ಮೂರಿನ ಮನೆಗೆ ಒಮ್ಮೆ ಅವರು ಪಾದಪೂಜೆಗೆ ದಯಮಾಡಿಸಿದ್ದರು. ಎಲ್ಲರೂ ಅಡ್ಡಬಿದ್ದು ಎದ್ದರು. ಅತ್ತೆ ಅಡ್ಡಬಿದ್ದವಳು ಏಳಲೇ ಇಲ್ಲ. ಭಕ್ತಿ ಉಕ್ಕಿಬಂದಿರಬೇಕೆಂದು ನಮ್ಮವ್ವ ಕಣ್ಣು ಒರೆಸಿಕೊಂಡಳು. ಅತ್ತೆ ಎದ್ದ ಮೇಲೆ ನೋಡಿದರೆ ಸ್ವಾಮಿಗಳ ಕಾವಿ ಶಾಲಿನ ಅಂಚಿನಲ್ಲಿ ಕೆಂಪು ದಾರ! ಸ್ವಾಮಿಗಳು ಶಾಲನ್ನು ಬೆಳಕಿಗೆ ಹಿಡಿದು ನೋಡಿ ನಕ್ಕರು.

"ತಾಯಿ, ಶಾಲಿಗೆ ಒಂದ ಸಾಕಾತು. ನನಗ ಕಟ್ಟಾಕ ಕುಂತಿದ್ರ ನಿಮ್ಮ ದಾರದ ಉಂಡಿ ಸಾಲ್ತಿರಲಿಲ್ಲ" ಎಂದರು.

ಅವರು ಹೋದ ಮೇಲೆ ಅಪ್ಪ ಅಕ್ಕನನ್ನು ಜೀವನದಲ್ಲಿ ಮೊದಲ ಸಲ ಬೈದ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, ಎಲೆಗೆ ಸುಣ್ಣ ಹಚ್ಚುತ್ತ, "ಗುರುತು ಇಲ್ಲದ ತಾಗಾ ಅಂದ್ರ ತಪ್ಪು ಇಲ್ಲದ ತಾಗಾ ಅಲ್ಲೋ. ಯಾರೂ ನೋಡದ ತಾಗಾ" ಎಂದಳು. ಇದು ಅವಳ ಬಾಯಲ್ಲಿ ದಿನಕ್ಕೆ ನಾಲ್ಕು ಸಲವಾದರೂ ಬರುವ ಮಾತು, ಆದ್ದರಿಂದ ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ.

ಇಂಥವಳ ಮನೆಯಲ್ಲಿ ಇದ್ದುಕೊಂಡು ನಾನು ಬಿ.ಕಾಂ. ಓದಿದೆ. ಕೊನೆಯ ವರ್ಷದಲ್ಲಿ ನಮ್ಮ ಪ್ಲೇಸ್‌ಮೆಂಟ್ ಸರ್ ಹೊಸ ಫರ್ಮಾನು ಹೊರಡಿಸಿದರು. ಕಾಗದದ ಬಯೋಡಾಟಾ ಕಾಲ ಹೋಯಿತು, ಇನ್ನು ಪ್ರತಿಯೊಬ್ಬರೂ ಆನ್‌ಲೈನ್ ಪೋರ್ಟ್‌ಫೋಲಿಯೊ ಮಾಡಬೇಕು, ಕಂಪನಿಯವರಿಗೆ ಲಿಂಕ್ ಕಳಿಸಿದರೆ ಸಾಕು, ಅವರು ನಿಮ್ಮನ್ನು ಅಂಗೈಯಲ್ಲೇ ನೋಡಿಬಿಡುತ್ತಾರೆ ಎಂದರು. ಒಂದು ನಮೂನೆಯನ್ನೂ ಕೊಟ್ಟರು. ನಾವು ಹೆಸರು, ಫೋಟೊ ಬದಲಿಸಿದೆವು. ಉಳಿದದ್ದು ನಮೂನೆಯಲ್ಲಿ ಇದ್ದಂತೆಯೇ ಇತ್ತು. ನಾನು ಸವಾಲುಗಳನ್ನು ಪ್ರೀತಿಸುತ್ತೇನೆ, ನನ್ನ ರಕ್ತದಲ್ಲೇ ನಾಯಕತ್ವವಿದೆ, ಇತ್ಯಾದಿ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಕೇಳಲು ಹೆದರುವ ನನ್ನ ರಕ್ತದಲ್ಲಿ ನಾಯಕತ್ವ!

ಅದೇ ವಾರ ಕೊಲ್ಹಾಪುರದ ಒಂದು ಸಿದ್ಧ ಉಡುಪಿನ ಕಂಪನಿಯಿಂದ ಸಂದರ್ಶನದ ಕರೆ ಬಂತು. ನಮ್ಮ ಮನೆತನದಲ್ಲಿ ಕಚೇರಿಯ ಕುರ್ಚಿಯಲ್ಲಿ ಕೂತು ದುಡಿದವರು ಯಾರೂ ಇಲ್ಲ. ಆ ಕೆಲಸ ನನಗೆ ಬೇಕೇ ಬೇಕಿತ್ತು. ಖುಷಿಯಲ್ಲಿ ಪೋರ್ಟ್‌ಫೋಲಿಯೊವನ್ನು ಅತ್ತೆಗೆ ತೋರಿಸಿದೆ. ಕೈಯಾರೆ ಮಾಡಿಕೊಂಡ ತಪ್ಪು.

ಅವಳು ಕನ್ನಡಕ ಏರಿಸಿ, ಮೊಬೈಲನ್ನು ಬೆಳಕಿಗೆ ಓರೆ ಹಿಡಿದು, ಪರದೆಯ ಮೇಲೆ ಉಗುರಿನಿಂದ ಗೀರುತ್ತ ಹೋದಳು. ಬಟ್ಟೆ ನೋಡುವ ರೀತಿಯೇ ಅದು. ಬರೆದದ್ದನ್ನೆಲ್ಲ ನಾನು ಕನ್ನಡದಲ್ಲಿ ಓದಿ ಹೇಳಬೇಕಾಯಿತು. ಗೆಳತಿಯರವನ್ನೂ ತೋರಿಸು ಎಂದಳು. ತೋರಿಸಿದೆ. ನಾಲ್ಕನೆಯದಕ್ಕೆ ಬೆರಳು ನಿಂತಿತು.

"ಈ ಎಲ್ಲಾ ಹುಡುಗ್ಯಾರು ಒಂದ ಕೋಟು ಹಾಕ್ಕೊಂಡಾರಲಾ. ಎಡಗಿಸೆದ ಹಂತೇಕ ಎಳಿ ಜಗ್ಗೇತಿ ನೋಡು. ನಿಂದರಾಗೂ ಜಗ್ಗೇತಿ."

ಹೌದು, ಎಡಜೇಬಿನ ಹತ್ತಿರ ಜಗ್ಗಿತ್ತು! ನಮ್ಮ ವರ್ಗದಲ್ಲಿ ಬ್ಲೇಜರ್ ಇದ್ದದ್ದು ಒಬ್ಬಳದೇ. ಕಾಲೇಜಿನ ಗೋಡೆಗೆ ಸರತಿಯಲ್ಲಿ ನಿಂತು ಹನ್ನೊಂದು ಹುಡುಗಿಯರು ಅದನ್ನೇ ತೊಟ್ಟು ಫೋಟೊ ತೆಗೆಸಿಕೊಂಡಿದ್ದೆವು. ನಾನು ನಕ್ಕುಬಿಟ್ಟೆ. ಅತ್ತೆ ನಗಲಿಲ್ಲ. ಅವಳ ಬೆರಳು ಮತ್ತೆ ನನ್ನ ಪುಟಕ್ಕೇ ಬಂದು, ಓದಿನ ವರ್ಷಗಳನ್ನು ಬರೆದಿದ್ದ ಜಾಗದಲ್ಲಿ ಹಿಂದೆ ಮುಂದೆ ಆಡಿತು.

"ಇಲ್ಲಿ ಒಂದು ಎಳಿ ತಪ್ಪೇತಿ. ನನ್ನ ಕೈ ಮುರದ ವರ್ಷ ಎಲ್ಲಿ ಹೋತು?"

ಆ ವರ್ಷ ಏನಾಯಿತೆಂದು ಹೇಳಬೇಕು. ನಮ್ಮ ಓಣಿಯಲ್ಲಿ ನಳದ ನೀರು ನಾಲ್ಕೈದು ದಿನಕ್ಕೊಮ್ಮೆ ಬರುತ್ತದೆ. ಬಂದಾಗ ಇಡೀ ಓಣಿ ಕೊಡ ಹಿಡಿದು ಓಡುತ್ತದೆ. ಹಾಗೆ ಓಡುವಾಗ ಅತ್ತೆ ಜಾರಿಬಿದ್ದು ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು. ಶೆಡ್ಡಿನ ರಿವಾಜು ಎಲ್ಲರಿಗೂ ಗೊತ್ತು. ಮನೆಯಿಂದ ಒಬ್ಬರು ಬದಲಿಯಾಗಿ ಬಂದರೆ ಜಾಗ ಉಳಿಯುತ್ತದೆ, ಬರದಿದ್ದರೆ ಬೇರೆಯವರ ಪಾಲು. ಎರಡನೇ ವರ್ಷ ಮುಗಿಸಿದ್ದ ನಾನು ಕಾಲೇಜು ಬಿಟ್ಟು ಒಂದು ವರ್ಷ ಅವಳ ಮೇಜಿಗೆ ಬದಲಿ ಕೂತೆ. ಅವಳು ಕೈಗೆ ಪ್ಲಾಸ್ಟರ್ ಹಾಕಿಕೊಂಡೇ ಮೊದಲ ತಿಂಗಳು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಕಲಿಸಿದಳು. ಕೈ ಕೂಡಿತು, ಆದರೆ ಬೆರಳು ಮೊದಲಿನಂತೆ ಮಡಚುವುದಿಲ್ಲ. ಈಗ ಶೆಡ್ಡಿನಲ್ಲಿ ಅವಳು ತಪ್ಪು ತೋರಿಸುತ್ತಾಳೆ, ಪಕ್ಕದ ಮೇಜಿನವಳು ದಾರ ಕಟ್ಟುತ್ತಾಳೆ. ಮನೆಯಲ್ಲಿ ಕಟ್ಟುವವಳು ನಾನು.

ಆ ವರ್ಷವನ್ನು ನಾನು ಪೋರ್ಟ್‌ಫೋಲಿಯೊದಲ್ಲಿ ನುಂಗಿಹಾಕಿದ್ದೆ. ಓದಿನ ವರ್ಷಗಳನ್ನು ಸ್ವಲ್ಪ ಹಿಂದೆ ಮುಂದೆ ಸರಿಸಿ, ಖಾಲಿ ಜಾಗ ಕಾಣದಂತೆ ಹೊಲಿದುಬಿಟ್ಟಿದ್ದೆ. ಸರ್ ಹಾಗೆ ಮಾಡೆಂದು ಹೇಳಿರಲಿಲ್ಲ. ಸಿಕ್ಕಿಬಿದ್ದ ಸಿಟ್ಟಿನಲ್ಲಿ ಬಾಯಿಗೆ ಬಂದದ್ದನ್ನು ಆಡಿದೆ.

"ಮಗ್ಗದ ಶೆಡ್ಡಿನಾಗ ಕೂಲಿ ಮಾಡೇನಿ ಅಂತ ಬರದ್ರ ಯಾರ್ ಕೆಲಸಾ ಕೊಡ್ತಾರ ಅತ್ತಿ?"

ಮೂವತ್ತು ವರ್ಷ ಅದೇ ಶೆಡ್ಡಿನಲ್ಲಿ ಕೂತವಳಿಗೆ ನಾನು ಆಡಿದ ಮಾತು ಇದು. ಚೀಲದಲ್ಲಿ ದಾರ ಹುಡುಕುತ್ತಿದ್ದ ಅವಳ ಕೈ ಅಲ್ಲೇ ನಿಂತಿತು. ಚೀಲದ ಬಾಯಿ ಮುಚ್ಚಿ ಮೊಬೈಲನ್ನು ನನ್ನ ಕಡೆ ಸರಿಸಿದಳು.

"ಆ ವರ್ಷ ನಂದು, ಕೂಸ. ನಿನ್ನ ತೆಲಿಗೆ ಯಾಕ ಅದು? ಇರ್ಲಿ ಬಿಡು, ಹಂಗ ಕಳಸು."

ಸ್ವಾಮಿಗಳ ಶಾಲನ್ನು ಬಿಡದವಳು ನನ್ನ ಸುಳ್ಳನ್ನು ದಾರ ಕಟ್ಟದೆ ಬಿಟ್ಟಳು! ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಮುಂದಿನ ಎರಡು ದಿನ ಮನೆಯಲ್ಲಿ ಒಂದೂ ತಪ್ಪು ಸಿಗಲಿಲ್ಲ. ಅನ್ನ ತಳ ಹತ್ತಿತು, ಅತ್ತೆ ಸುಮ್ಮನೆ ಉಂಡಳು. ಹಾಲಿನವನು ಒಡೆದ ಪಾಕೀಟು ಕೊಟ್ಟುಹೋದ, ಸುಮ್ಮನೆ ಇಸಿದುಕೊಂಡಳು. ಆ ಮನೆಯಲ್ಲಿ ಅಷ್ಟು ಶಾಂತಿಯನ್ನು ನಾನು ಕಂಡದ್ದೇ ಇಲ್ಲ, ಮತ್ತು ಅದನ್ನು ಸಹಿಸುವುದು ನನ್ನಿಂದಾಗಲಿಲ್ಲ.

ಸಂದರ್ಶನದ ದಿನ ಬೆಳಿಗ್ಗೆ ಬಸ್ಸು ಹಾತಕಣಂಗಲೆ ದಾಟುವಾಗ ಮೊಬೈಲು ತೆಗೆದೆ. ಲಿಂಕ್ ಆಗಲೇ ಕಂಪನಿಗೆ ಹೋಗಿತ್ತು. ಕಾಗದದ ಬಯೋಡಾಟಾ ಆಗಿದ್ದರೆ ಕೈ ಮೀರಿಹೋಗುತ್ತಿತ್ತು. ಇದನ್ನು ಕೂತಲ್ಲೇ ಬಿಚ್ಚಿ ಮತ್ತೆ ನೇಯಬಹುದು, ಆನ್‌ಲೈನಿನ ಪುಣ್ಯ! ಸವಾಲಿನ ಪ್ರೀತಿ ತೆಗೆದೆ. ರಕ್ತದ ನಾಯಕತ್ವ ತೆಗೆದೆ. ಕೋಟಿನ ಫೋಟೊ ತೆಗೆದು, ಕಿಟಕಿಯ ಗಾಳಿಗೆ ಕೂದಲು ಹಾರುವಾಗ ಅಲ್ಲೇ ಕ್ಲಿಕ್ಕಿಸಿದ ಫೋಟೊ ಹಾಕಿದೆ. ವರ್ಷಗಳನ್ನು ಇದ್ದಂತೆ ಬರೆದೆ. ಖಾಲಿ ಉಳಿದ ವರ್ಷದಲ್ಲಿ, "ಇಚಲಕರಂಜಿಯ ಮಗ್ಗದ ಶೆಡ್ಡಿನಲ್ಲಿ ಬದಲಿಯಾಗಿ ಬಟ್ಟೆ ತಪಾಸಣೆ. ಕಲಿಸಿದವರು ನನ್ನ ಅತ್ತೆ. ಮೊದಮೊದಲು ನನ್ನ ಕಣ್ಣು ತಪ್ಪಿಸಿಕೊಂಡು ಹೋದ ತಪ್ಪುಗಳು ಬಹಳ" ಎಂದು ಸೇರಿಸಿದೆ.

ಸಂದರ್ಶನ ಮಾಡಿದ ಮೇಡಂ ಲ್ಯಾಪ್‌ಟಾಪಿನಲ್ಲಿ ನನ್ನ ಪುಟ ತೆರೆದು, ನೇರವಾಗಿ ಆ ವರ್ಷಕ್ಕೇ ಬಂದರು. ಅಲ್ಲಿ ಏನು ಕಲಿತೆ ಎಂದು ಮರಾಠಿಯಲ್ಲಿ ಕೇಳಿದರು. ತಯಾರಿ ಮಾಡಿಕೊಂಡಿದ್ದ ಉತ್ತರಗಳೆಲ್ಲ ಬಸ್ಸಿನಲ್ಲೇ ಇಳಿದುಹೋಗಿದ್ದವು. ನನ್ನ ಕಣ್ಣು ಅವರ ಕುರ್ತಾದ ತೋಳಿನ ಮೇಲೆ ಬಿತ್ತು, ಬಾಯಿ ತಾನೇ ತೆರೆಯಿತು. ಮೇಡಂ, ನಿಮ್ಮ ಎಡತೋಳಿನಲ್ಲಿ ಎರಡು ಎಳೆ ತಪ್ಪಿವೆ ಎಂದುಬಿಟ್ಟೆ. ನೋಡಿ, ಈ ರೋಗ ವಂಶದಲ್ಲೇ ಇದೆ! ಮೇಡಂ ಕಿಟಕಿಗೆ ಹೋಗಿ ನೋಡಿದರು, ಕಾಣಲಿಲ್ಲ. ಉಗುರಿನಿಂದ ಅಡ್ಡ ಗೀರಿ ನೋಡಿ ಎಂದೆ. ಗೀರಿದರು, ಸಿಕ್ಕಿತು. ಅವರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ, ಏನೋ ಬರೆದುಕೊಂಡರು. ಕೆಲಸ ಹೋಯಿತೆಂದುಕೊಂಡೇ ಮನೆಗೆ ಬಂದೆ.

ಮುಂದಿನ ವಾರ ಆಯ್ಕೆಯಾದ ಮೇಲ್ ಬಂತು. ಆರ್ಡರಿನ ಬಟ್ಟೆಯನ್ನೂ ಕಾಗದಪತ್ರವನ್ನೂ ತಾಳೆ ನೋಡುವ ಕೆಲಸ, ದಿನಾ ಬಸ್ಸಿನಲ್ಲಿ ಹೋಗಿಬರಬಹುದು. ಬದಲಿಸಿದ ಪುಟವನ್ನು ಅತ್ತೆಗೆ ಪೂರ್ತಿ ಓದಿ ಹೇಳಿದೆ. "ಕಲಿಸಿದವರು ನನ್ನ ಅತ್ತೆ" ಎಂಬಲ್ಲಿಗೆ ಬಂದಾಗ ಅವಳು ಒಲೆಯ ಮೇಲಿನ ಹಾಲು ನೋಡಲು ಎದ್ದುಹೋದಳು. ಒಲೆಯ ಮೇಲೆ ಹಾಲು ಇರಲಿಲ್ಲ.

ಕೆಲಸದ ಮೊದಲ ದಿನ ಬಸ್ಸಿನಲ್ಲಿ ಕೂತು ಓಢಣಿ ಸರಿಮಾಡಿಕೊಳ್ಳುವಾಗ ನೋಡುತ್ತೇನೆ, ಅಂಚಿನಲ್ಲಿ ಕೆಂಪು ದಾರ! ಹೊಸ ಓಢಣಿ, ಅತ್ತೆಯೇ ಕೊಡಿಸಿದ್ದು. ದಾರಿಯುದ್ದಕ್ಕೂ ಅದನ್ನು ಬೆಳಕಿಗೆ ಹಿಡಿದು ಹುಡುಕಿದೆ. ಊಟದ ಬಿಡುವಿನಲ್ಲಿ ಉಗುರಿನಿಂದ ಗೀರಿ ಹುಡುಕಿದೆ. ಒಂದು ಎಳೆಯೂ ತಪ್ಪಿರಲಿಲ್ಲ. ಗಂಟು ಮಾತ್ರ ಸಡಿಲವಾಗಿ ಸೊಟ್ಟಗಿತ್ತು, ಮಡಚದ ಬೆರಳು ಕಟ್ಟಿದ ಗಂಟು. ನನ್ನನ್ನು ಕರೆಯದೆ ಅದೆಷ್ಟು ಹೊತ್ತು ಕೂತು ಕಟ್ಟಿದ್ದಳೋ.

ಸಂಜೆ ಮನೆಗೆ ಬಂದಾಗ ಅವಳು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಓಢಣಿಯನ್ನು ಅವಳ ಮುಂದೆ ಹಿಡಿದು, ತಪ್ಪು ಎಲ್ಲಿದೆ ತೋರಿಸು ಎಂದೆ.

"ತಪ್ಪು ಇಲ್ಲ" ಎಂದಳು ಅತ್ತೆ, ತಲೆ ಎತ್ತದೆ. "ಮನ್ಯಾಗ ಒಬ್ಬಾಕಿ ನೋಡಿ ಕಳಿಸ್ಯಾಳ ಅಂತ ಗೊತ್ತಾಗ್ಲಿ ಅಂತ ಕಟ್ಟೇನಿ."

ನಾನು ಅವಳ ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸತೊಡಗಿದೆ. ಓಢಣಿ ಈಗ ಹಳತಾಗಿದೆ, ಆ ಸೊಟ್ಟ ಗಂಟನ್ನು ನಾನಿನ್ನೂ ಬಿಚ್ಚಿಲ್ಲ.